ಕಾಳೊಳಗಣ ಹುಳು: ಒಂದು ವ್ಯಾಖ್ಯಾನ

ಮೂಲ:

ಗಂಜಿನ ಕಾಳಿನಲ್ಲಿ,
ತಾಯಿ ಅಂಟಿಸಿದ ಬಿಳಿಚುಕ್ಕೆಯ ಅಡಿಯಿಂದ
ಗಾಳಿ ಕಾಣದೆ ಒಳಹೊಕ್ಕು,
ಕಾಲನ್ನು ತೊರೆದು, ಬಾಯನ್ನು ಬಲಿಸಿಕೊಂಡು,
ಬಾಗಿ, ಬೆಳ್ಳಗೆ ಕೊಬ್ಬಿ,
ನೀರಿಲ್ಲದಲ್ಲಿ ನೀರುಂಡು,
ನೆರೆಯ ಕಂಪನವನ್ನು ಅರಿತು,
ಹೊರಡುವ ದುಂಬಿಗೆ ಕಿಟಕಿ ಕೊರೆದು
ಮಲಗುವುದು ಹುಳು.

ವ್ಯಾಖ್ಯಾನ:

ಹೆಸರು, ಉದ್ದು, ತೊಗರಿ, ಕಡಲೆ ಮೊದಲಾದ ದ್ವಿದಳ ಧಾನ್ಯಗಳ ಒಳಗೆ ಹುಟ್ಟಿ ಬೆಳೆಯುವ ದುಂಬಿಯ ಮರಿಹುಳು ಈ ವಾಕ್ಯದ ವಿಷಯ. ವಾಕ್ಯ ಒಂದೇ ಆದರೂ ಅದರ ಒಂದೊಂದು ಪದವೂ ಹುಳುವಿನ ಒಂದೊಂದು ಅಂಗವನ್ನೋ ನಡೆಯನ್ನೋ ಹೇಳುತ್ತದೆ. ಪದಗಳ ಕ್ರಮವೇ ಹುಳುವಿನ ಆಯುಷ್ಯದ ಕ್ರಮವೂ ಆಗಿರುವುದರಿಂದ ವ್ಯಾಖ್ಯಾನವು ಅದನ್ನೇ ಅನುಸರಿಸುತ್ತದೆ. ಹಿಂದುಮುಂದು ಮಾಡಿದರೆ ಅರ್ಥ ಕೆಡುತ್ತದೆ.

ಗಂಜಿನ. ಗಂಜ್ ಎಂದರೆ ಧಾನ್ಯದ ಪೇಟೆ. ಇಲ್ಲಿ ಬೀದರಿನ ಗಾಂಧಿ ಗಂಜ್ ಎಂದು ತಿಳಿಯಬೇಕು. ಭಾಲ್ಕಿ, ಔರಾದ ಮತ್ತು ಸುತ್ತಲಿನ ಊರುಗಳ ರಾಶಿ ಗೋಣಿಚೀಲಗಳಲ್ಲಿ ತುಂಬಿ ಅಡತ್ ಅಂಗಡಿಗಳ ಮುಂದೆ ಇಳಿಯುವುದು ಇಲ್ಲಿಯೇ. ಮುಂಗಾರಿನ ಹೆಸರು, ಉದ್ದು ಶ್ರಾವಣ ಭಾದ್ರಪದಗಳಲ್ಲಿ ಬರುತ್ತವೆ. ತೊಗರಿ ಪುಷ್ಯದ ಹೊತ್ತಿಗೆ. ಹಿಂಗಾರಿನ ಕಡಲೆ ಮಾಘ ಫಾಲ್ಗುಣಗಳಲ್ಲಿ. ಒಂದು ಕಾಳು ಮುಗಿಯುವ ಮೊದಲೇ ಇನ್ನೊಂದು ಬಂದು ಸೇರುವುದರಿಂದ, ಕಾಳನ್ನೇ ನಂಬಿದ ಜೀವಕ್ಕೆ ಇಲ್ಲಿ ಬರಗಾಲವೆಂಬುದಿಲ್ಲ. ಇಲ್ಲಿ ಒಂದು ಶಂಕೆ: ಗಂಜಿನ ಕಾಳು ಎಂದ ಮಾತ್ರಕ್ಕೆ ಹುಳು ಗಂಜಿನಲ್ಲಿಯೇ ಹುಟ್ಟಿತೆಂದು ಹೇಳಬಹುದೆ? ಸಮಾಧಾನ: ಹಾಗೆ ನಿಯಮವಿಲ್ಲ. ಈ ದುಂಬಿಗೆ ಹಾರುವ ಶಕ್ತಿಯುಂಟು. ಬೆಳೆ ಬಲಿತು ಕಾಯಿ ಒಣಗುವ ಕಾಲಕ್ಕೆ ಅದು ಹೊಲಕ್ಕೆ ಹೋಗಿ ಕಾಯಿಯ ಮೇಲೆಯೂ, ಬಿರಿದ ಕಾಯಿಯೊಳಗಿನ ಕಾಳಿನ ಮೇಲೆಯೂ ಮೊಟ್ಟೆಯಿಡುತ್ತದೆ. ಕೊಯ್ದ ಕಾಳಿನೊಡನೆ ಆ ಮೊಟ್ಟೆಗಳು ಚೀಲವನ್ನು ಸೇರುತ್ತವೆ. ಆದ್ದರಿಂದ ‘ಗಂಜಿನ’ ಎಂಬುದು ಹುಳು ಹುಟ್ಟಿದ ಊರನ್ನು ಹೇಳದೆ, ಅದರ ಸಂತತಿ ಹೆಚ್ಚುವ ಸ್ಥಳವನ್ನು ಹೇಳುತ್ತದೆ.

ಕಾಳಿನಲ್ಲಿ. ಕಾಳಿನ ರಚನೆ ಮೂರು ಭಾಗವಾಗಿದೆ: ಹೊರಗಿನ ಸಿಪ್ಪೆ, ಒಳಗಿನ ಎರಡು ಬೇಳೆಗಳು, ಬೇಳೆಗಳ ಸಂದಿಯಲ್ಲಿರುವ ಮೊಳಕೆಯ ಕುಡಿ. ಮುಂದೆ ಹುಟ್ಟುವ ಸಸಿಗೆ ಬೇಕಾದ ಪಿಷ್ಟವೂ ಪ್ರೋಟೀನೂ ಬೇಳೆಗಳಲ್ಲಿ ಸಂಗ್ರಹವಾಗಿರುತ್ತವೆ. ಹುಳು ಉಣ್ಣುವುದು ಆ ಸಂಗ್ರಹವನ್ನೇ. ಹೆಸರಿನ ಒಂದು ಕಾಳಿನ ತೂಕ ಸುಮಾರು 30ರಿಂದ 40 ಮಿಲಿಗ್ರಾಂ. ಇಷ್ಟರಲ್ಲಿಯೇ ಹುಳುವಿನ ಮನೆ, ಅನ್ನ, ನೀರು ಎಲ್ಲವೂ ಅಡಗಿರಬೇಕು. ‘ಕಾಳುಗಳಲ್ಲಿ’ ಎನ್ನದೆ ‘ಕಾಳಿನಲ್ಲಿ’ ಎಂದು ಏಕವಚನ ಬಂದಿರುವುದು ಇದಕ್ಕಾಗಿ. ರಾಶಿಯಲ್ಲಿ ಕೋಟಿ ಕಾಳುಗಳಿದ್ದರೂ ಈ ಹುಳುವಿಗೆ ದಕ್ಕುವುದು ತಾನು ಹೊಕ್ಕ ಕಾಳು ಮಾತ್ರ; ಒಂದರಿಂದ ಇನ್ನೊಂದಕ್ಕೆ ಅದು ಹೋಗಲಾರದು. ಇಡೀ ಕಾಳನ್ನು ಒಡೆದು ಬೇಳೆ ಮಾಡಿದರೆ ಈ ದುಂಬಿಯ ಬಾಧೆ ಬಹಳ ತಗ್ಗುವುದಕ್ಕೂ ಕಾರಣ ಇಲ್ಲಿಯೇ ಇದೆ. ಎರಡು ಬೇಳೆಗಳು ಕೂಡಿದ್ದಾಗ ಇದ್ದ ಗಾತ್ರ ಒಡೆದ ಹೋಳಿನಲ್ಲಿಲ್ಲ. ಸಿಪ್ಪೆಯ ನುಣುಪು ಮೈಯೂ ಅಲ್ಲಿಲ್ಲ.

ತಾಯಿ. ತಾಯಿ ಎಂದರೆ ಮೂರು ನಾಲ್ಕು ಮಿಲಿಮೀಟರಿನ ಕಂದು ದುಂಬಿ. ಅದರ ಮೇಲ್ರೆಕ್ಕೆಗಳು ಹೊಟ್ಟೆಯ ತುದಿಯವರೆಗೆ ಮುಚ್ಚುವುದಿಲ್ಲ. ಹಿಂಭಾಗ ಸ್ವಲ್ಪ ಹೊರಗೆ ಕಾಣುತ್ತದೆ. ಇದರ ಆಯುಷ್ಯ ಒಂದೆರಡು ವಾರ. ಕಣಜದಲ್ಲಿರುವಷ್ಟು ಕಾಲ ಇದು ಏನನ್ನೂ ತಿನ್ನದೆಯೇ ಬದುಕಿ, ಕೂಡಿ, ನೂರರವರೆಗೆ ಮೊಟ್ಟೆಯಿಟ್ಟು ಸಾಯುತ್ತದೆ. ಮೊಟ್ಟೆಯಿಡುವ ಮೊದಲು ಕಾಳಿನ ಮೇಲೆ ಓಡಾಡಿ ಪರೀಕ್ಷಿಸುತ್ತದೆ: ಮೈ ನುಣುಪಾಗಿದೆಯೆ, ಗಾತ್ರ ಸಾಕೆ, ಬೇರೆ ಮೊಟ್ಟೆ ಮೊದಲೇ ಇದೆಯೆ. ಬರಿಯ ಕಾಳು ಸಿಗುವಷ್ಟು ಕಾಲ, ಮೊಟ್ಟೆಯುಳ್ಳ ಕಾಳನ್ನು ಬಿಟ್ಟು ಮುಂದೆ ಹೋಗುತ್ತದೆ. ವಾಕ್ಯದಲ್ಲಿ ಹುಳುವಿಗಿಂತ ಮೊದಲು ತಾಯಿಯನ್ನು ಹೇಳಿದ್ದರ ಅಭಿಪ್ರಾಯವೇನೆಂದರೆ, ಹುಳುವಿನ ಬಾಳಿನಲ್ಲಿ ಆಯ್ಕೆ ಎಂಬುದು ಒಂದೇ ಸಲ ನಡೆಯುತ್ತದೆ, ಅದನ್ನು ಮಾಡುವವಳು ತಾಯಿ. ತಾಯಿ ಆರಿಸಿದ ಕಾಳು ಜೊಳ್ಳಾಗಿದ್ದರೂ ಮರಿಗೆ ಬೇರೆ ಗತಿಯಿಲ್ಲ. ಮುಂದೆ ಹೇಳುವ ಅಂಗಗಳೆಲ್ಲವೂ ಈ ನಿರ್ಬಂಧಕ್ಕೆ ಒಗ್ಗಿದ ಅಂಗಗಳೆಂದು ತಿಳಿಯತಕ್ಕದ್ದು.

ಅಂಟಿಸಿದ ಬಿಳಿಚುಕ್ಕೆ. ಮೊಟ್ಟೆ ಅರ್ಧ ಮಿಲಿಮೀಟರಿನಷ್ಟು ಉದ್ದ. ತಳ ಚಪ್ಪಟೆ, ಮೇಲ್ಭಾಗ ಗುಮ್ಮಟದಂತೆ ಉಬ್ಬು. ತಾಯಿ ಸ್ರವಿಸುವ ಅಂಟು ಅದನ್ನು ಸಿಪ್ಪೆಗೆ ಬಿಗಿಯಾಗಿ ಹಿಡಿಸುತ್ತದೆ. ಇಟ್ಟ ಹೊಸದರಲ್ಲಿ ಮೊಟ್ಟೆ ಪಾರದರ್ಶಕ. ಬೆಳಕಿಗೆ ಹಿಡಿದರೆ ಮಾತ್ರ ಹೊಳೆದು ಕಾಣುತ್ತದೆ. ಹಾಗಿದ್ದರೆ ‘ಬಿಳಿ’ ಎಂದದ್ದೇಕೆ? ನಾಲ್ಕೈದು ದಿನಗಳಲ್ಲಿ ಮರಿ ಹೊರಟು ಸಿಪ್ಪೆಯನ್ನು ಕೊರೆಯತೊಡಗಿದಾಗ, ಕೊರೆದ ಹಿಟ್ಟು ಹಿಂದಕ್ಕೆ ಸರಿದು ಬರಿದಾದ ಮೊಟ್ಟೆಯ ಚಿಪ್ಪಿನೊಳಗೆ ತುಂಬಿಕೊಳ್ಳುತ್ತದೆ. ಆಗ ಚಿಪ್ಪು ಅಚ್ಚ ಬಿಳಿಯಾಗುತ್ತದೆ. ಆದಕಾರಣ ಬಿಳಿಚುಕ್ಕೆ ಎಂಬುದು ಮೊಟ್ಟೆಯ ಗುರುತಷ್ಟೇ ಅಲ್ಲ, ಮರಿ ಈಗಾಗಲೇ ಒಳಹೊಕ್ಕಿದೆ ಎಂಬುದಕ್ಕೆ ಸಾಕ್ಷಿ. ಹೆಸರಿನ ಹಸಿರು ಮೈಮೇಲೆ, ಉದ್ದಿನ ಕಪ್ಪು ಮೈಮೇಲೆ ಈ ಚುಕ್ಕೆ ಬರಿಗಣ್ಣಿಗೇ ಕಾಣುತ್ತದೆ. ಹುಳುವಿನ ಇರವನ್ನು ಹೊರಗಿನವರಿಗೆ ಹೇಳುವ ಮೊದಲ ಅಕ್ಷರ ಇದು. ಕಾಳಿನ ತೂತು ಕಡೆಯ ಅಕ್ಷರ. ಅದರ ಮಾತು ಮುಂದೆ ಬರುತ್ತದೆ.

ಅಡಿಯಿಂದ ಗಾಳಿ ಕಾಣದೆ ಒಳಹೊಕ್ಕು. ‘ಅಡಿಯಿಂದ’ ಎಂಬ ಪದದ ಮೇಲೆ ಒತ್ತು ಇದೆ. ಬಹುಪಾಲು ಕೀಟಗಳ ಮರಿ ಮೊಟ್ಟೆಯೊಡೆದು ಹೊರಗಿನ ಗಾಳಿಗೆ ಬರುತ್ತದೆ. ಈ ಮರಿ ಹಾಗೆ ಬರುವುದಿಲ್ಲ. ಮೊಟ್ಟೆಯ ಚಪ್ಪಟೆ ತಳವನ್ನೂ ಅದಕ್ಕೆ ಅಂಟಿದ ಸಿಪ್ಪೆಯನ್ನೂ ಒಟ್ಟಿಗೇ ಕೊರೆದು, ಚಿಪ್ಪಿನಿಂದ ನೇರವಾಗಿ ಬೇಳೆಗೆ ಇಳಿಯುತ್ತದೆ. ಇಷ್ಟು ಎಳೆಯ ಮೈ ಗಟ್ಟಿ ಸಿಪ್ಪೆಯನ್ನು ಹೇಗೆ ಭೇದಿಸುತ್ತದೆ ಎಂದರೆ, ಅದಕ್ಕೊಂದು ವಿಶೇಷ ಅಂಗವುಂಟು. ಪ್ರಾಗ್ವಕ್ಷದ, ಎಂದರೆ ತಲೆಗೆ ತಾಗಿದ ಎದೆಯ ಮೊದಲ ಉಂಗುರದ ಬೆನ್ನಿನ ಮೇಲೆ, ಸಣ್ಣ ಹಲ್ಲುಗಳುಳ್ಳ ಗಟ್ಟಿ ಫಲಕವೊಂದಿದೆ. ಮರಿ ಆ ಫಲಕವನ್ನು ಚಿಪ್ಪಿನ ಚಾವಣಿಗೆ ಆನಿಸಿ, ಆ ಆಧಾರದ ಬಲದಿಂದ ದವಡೆಯನ್ನು ಕೆಳಕ್ಕೆ ಒತ್ತುತ್ತದೆ. ಒಳಹೊಕ್ಕು ಪೊರೆ ಕಳಚಿದ ಮೇಲೆ ಈ ಫಲಕ ಮತ್ತೆ ಹುಟ್ಟುವುದಿಲ್ಲ. ಒಂದೇ ಬಾಗಿಲಿಗಾಗಿ ಬಂದ ಅಂಗ ಆ ಬಾಗಿಲಿನೊಡನೆ ಮುಗಿಯುತ್ತದೆ. ಮೊಟ್ಟೆ ಸಡಿಲವಾಗಿ ಅಂಟಿದ್ದರೆ ಫಲಕಕ್ಕೆ ಆನಿಕೆ ಸಿಗದು, ಮರಿ ಕೊರೆಯಲಾರದೆ ಸಾಯುತ್ತದೆ. ಕಾಳಿಗೆ ಔಡಲೆಣ್ಣೆ, ಎಂದರೆ ಹರಳೆಣ್ಣೆ, ಅಥವಾ ಬೇವಿನೆಣ್ಣೆ ಸವರಿಡುವ ರೂಢಿಯ ಯುಕ್ತಿ ಇದರಿಂದ ತಿಳಿಯುತ್ತದೆ. ಕಿಲೋ ಕಾಳಿಗೆ ಐದರಿಂದ ಹತ್ತು ಮಿಲಿಲೀಟರ್ ಎಣ್ಣೆ ಸಾಕು. ಎಣ್ಣೆಯ ಪೊರೆ ಮೊಟ್ಟೆಯ ಉಸಿರನ್ನು ತಡೆಯುತ್ತದೆ, ಅಂಟು ಬಿಗಿಯಾಗಿ ಹಿಡಿಯದಂತೆಯೂ ಮಾಡುತ್ತದೆ. ಹುಳು ಬೇಳೆಯ ನಡುವನ್ನು ಸೇರಿದ ಮೇಲೆ ಸವರಿದ ಎಣ್ಣೆಗೆ ಅಷ್ಟು ಫಲವಿಲ್ಲ. ಎಣ್ಣೆಯ ಕಾಲ ಚುಕ್ಕೆ ಬಿಳಿಯಾಗುವ ಮೊದಲಿನ ಕಾಲ.

ಕಾಲನ್ನು ತೊರೆದು. ನಡೆಯಬೇಕಾದ ದಾರಿಯಿಲ್ಲದವನಿಗೆ ಕಾಲು ಬೇಡ. ಇದೇ ಬಳಗದ ಹುರುಳಿಕಾಯಿ ಬೀಜದ ದುಂಬಿ, ಎಂದರೆ ರಾಜ್ಮಾ ಕಾಳಿನ ದುಂಬಿ, ಮೊಟ್ಟೆಗಳನ್ನು ಅಂಟಿಸದೆ ಬೀಜಗಳ ನಡುವೆ ಚೆಲ್ಲುತ್ತದೆ. ಅದರ ಮರಿ ಬೀಜವನ್ನು ಹುಡುಕಿಕೊಂಡು ನಡೆಯಬೇಕು, ಹಾಗಾಗಿ ಮೊದಲ ಹಂತದಲ್ಲಿ ಅದಕ್ಕೆ ನಡೆಯಬಲ್ಲ ಕಾಲುಗಳಿವೆ. ನಮ್ಮ ಹುಳುವಿಗೆ ತಾಯಿಯೇ ಬಾಗಿಲು ತೋರಿಸಿ ಹೋಗಿರುವುದರಿಂದ ಕಾಲುಗಳು ನಡೆಯಲು ಬಾರದ ಮೊಟಕು ಕುರುಹುಗಳಾಗಿ ಉಳಿದಿವೆ. ‘ತೊರೆದು’ ಎಂಬ ಕ್ರಿಯಾಪದ ಇದನ್ನೇ ಹೇಳುತ್ತದೆ. ಬೆಳೆದ ಹುಳುವನ್ನು ಕಾಳಿನಿಂದ ತೆಗೆದು ಅಂಗೈಯಲ್ಲಿಟ್ಟರೆ ಅದು ಹೊರಳುತ್ತದೆ, ನಡೆಯುವುದಿಲ್ಲ. ಮತ್ತೊಂದು ಕಾಳನ್ನು ಪಕ್ಕದಲ್ಲಿಟ್ಟರೂ ಹೊಗಲಾರದು.

ಬಾಯನ್ನು ಬಲಿಸಿಕೊಂಡು. ಕಾಲಿನಲ್ಲಿ ಉಳಿದದ್ದು ಬಾಯಿಗೆ ಸಂದಿದೆ. ತಲೆ ಚಿಕ್ಕದು, ಕಂದು, ಅರ್ಧದಷ್ಟು ಎದೆಯ ಮಡಿಕೆಯೊಳಗೆ ಹುದುಗಿದೆ, ಬಾಯಿ ಕೆಳಮುಖವಾಗಿದೆ. ಮೈಯೆಲ್ಲ ಮೆತ್ತಗಿದ್ದರೂ ದವಡೆಗಳೆರಡು ಮಾತ್ರ ಗಾಢ ಬಣ್ಣದವು, ಗಡುಸಾದವು. ಒಣಗಿದ ಬೇಳೆಯನ್ನು ಕೆರೆದು ಹಿಟ್ಟು ಮಾಡುವುದೇ ಅವುಗಳ ಕೆಲಸ. ಬಾಯಿ ಬಲವಾದರೆ ಸಾಲದು, ಜೀರ್ಣವೂ ಆಗಬೇಕು. ಗಿಡವು ತನ್ನ ಬೀಜವನ್ನು ಸುಮ್ಮನೆ ಒಪ್ಪಿಸಿಬಿಟ್ಟಿಲ್ಲ. ರಾಜ್ಮಾ ಬೀಜದಲ್ಲಿ ಪಿಷ್ಟವನ್ನು ಕರಗಿಸುವ ಅಮೈಲೇಸ್ ಎಂಬ ಕಿಣ್ವವನ್ನು ತಡೆಯುವ ಪ್ರೋಟೀನಿದೆ. ಹೆಸರಿನ ಹುಳು ಆ ಬೀಜವನ್ನು ಹೊಕ್ಕರೆ ಬಾಯಿ ತುಂಬ ಅನ್ನವಿದ್ದೂ ಅರಗಿಸಿಕೊಳ್ಳಲಾಗದೆ ಸಾಯುತ್ತದೆ. ಹೆಸರು, ಅಲಸಂದೆ, ತೊಗರಿ, ಕಡಲೆಗಳಲ್ಲಿ ಇಂಥ ತಡೆ ಸಾಲದು. ಆದ್ದರಿಂದ ‘ಬಾಯಿ’ ಎಂಬಲ್ಲಿ ದವಡೆಯಿಂದ ಕರುಳಿನವರೆಗಿನ ಇಡೀ ಅನ್ನಮಾರ್ಗವನ್ನು ಗ್ರಹಿಸಬೇಕು.

ಬಾಗಿ, ಬೆಳ್ಳಗೆ ಕೊಬ್ಬಿ. ತಾನು ಕೊರೆದ ದುಂಡು ಕೋಣೆಯಲ್ಲಿ ಇರಬೇಕಾದ್ದರಿಂದ ಮೈ ಅರ್ಧಚಂದ್ರಾಕಾರವಾಗಿ ಬಾಗಿದೆ. ಬೆಳಕಿಲ್ಲದಲ್ಲಿ ಮೈಗೆ ಬಣ್ಣ ಬೇಕಿಲ್ಲ, ಹಾಗಾಗಿ ಕೆನೆಯ ಬಿಳುಪು. ಹುಳು ನಾಲ್ಕು ಹಂತಗಳಲ್ಲಿ ಬೆಳೆಯುತ್ತದೆ. ಹಂತಕ್ಕೊಮ್ಮೆ ಬಿಗಿಯಾದ ಪೊರೆಯನ್ನು ಕಳಚಿ ದೊಡ್ಡ ಪೊರೆಯನ್ನು ತಾಳುತ್ತದೆ. ‘ಕೊಬ್ಬಿ’ ಎಂಬುದು ಅಲಂಕಾರದ ಮಾತಲ್ಲ, ಯಥಾರ್ಥ. ಒಳಗೆ ಸಂಚಯವಾಗುವುದು ನಿಜವಾದ ಕೊಬ್ಬೇ. ಈ ಪದವನ್ನು ‘ತಾಯಿ’ ಎಂಬ ಪದದೊಡನೆ ಕೂಡಿಸಿ ಓದಿದಾಗ ಅರ್ಥ ಪೂರ್ಣವಾಗುತ್ತದೆ. ತಾಯಿದುಂಬಿ ಉಣ್ಣದೆ ನೂರು ಮೊಟ್ಟೆಯಿಡುತ್ತದೆ ಎಂದೆವಷ್ಟೆ. ಆ ಮೊಟ್ಟೆಗಳ ಸಾರವೆಲ್ಲ ಎಲ್ಲಿಂದ ಬಂತು? ಅದು ಹುಳುವಾಗಿದ್ದಾಗ ಕಾಳಿನೊಳಗೆ ಉಂಡದ್ದೇ. ಹುಳು ಉಣ್ಣುವುದು ತನಗೆ, ಮುಂದೆ ತಾನಾಗುವ ದುಂಬಿಗೆ, ಆ ದುಂಬಿಯ ಮೊಟ್ಟೆಗಳಿಗೆ. ಮೂರು ಅವಸ್ಥೆಗಳ ಹಸಿವನ್ನು ಒಂದು ಅವಸ್ಥೆ ತೀರಿಸುತ್ತದೆ. ಸಣ್ಣ ಕಾಳಿನಲ್ಲಿ ಬೆಳೆದ ದುಂಬಿ ಸಣ್ಣದಾಗಿ, ಕಡಿಮೆ ಮೊಟ್ಟೆಯಿಡುವುದಕ್ಕೆ ಇದೇ ಹೇತು.

ನೀರಿಲ್ಲದಲ್ಲಿ ನೀರುಂಡು. ಚೆನ್ನಾಗಿ ಒಣಗಿಸಿದ ಕಾಳಿನಲ್ಲಿ ನೂರಕ್ಕೆ ಹತ್ತು ಭಾಗದಷ್ಟು ಮಾತ್ರ ತೇವವಿರುತ್ತದೆ. ಬೀದರಿನ ಬೇಸಿಗೆಯಲ್ಲಿ ಹೊರಗಿನ ಗಾಳಿಯೂ ಒಣಗಿರುತ್ತದೆ. ಇಂಥಲ್ಲಿ ಮೆತ್ತನೆಯ ಹುಳು ಒಣಗಿ ಹೋಗದೆ ಹೇಗೆ ಉಳಿಯುತ್ತದೆ? ಉತ್ತರ: ಉಂಡ ಪಿಷ್ಟವೂ ಕೊಬ್ಬೂ ಆಮ್ಲಜನಕದೊಡನೆ ಸೇರಿ ಮೈಯೊಳಗೆ ಉರಿದಾಗ ಶಕ್ತಿಯೊಡನೆ ನೀರೂ ಹುಟ್ಟುತ್ತದೆ. ಇದು ಚಯಾಪಚಯದ ನೀರು, ಎಂದರೆ ಅನ್ನದ ದಹನದಿಂದ ಮೈಯಲ್ಲಿಯೇ ತಯಾರಾಗುವ ನೀರು. ಹುಳು ಕುಡಿಯುವುದು ಇದನ್ನೇ. ದಹನಕ್ಕೆ ಬೇಕಾದ ಗಾಳಿ ಒಳಬರುವುದು ಶ್ವಾಸರಂಧ್ರಗಳಿಂದ, ಎಂದರೆ ಮೈಯ ಎರಡು ಬದಿಗಳಲ್ಲಿ ಸಾಲಾಗಿರುವ ಸೂಕ್ಷ್ಮ ತೂತುಗಳಿಂದ. ಇದರಿಂದ ಹುಟ್ಟುವ ಫಲಿತಾರ್ಥ ದೊಡ್ಡದು. ಗಾಳಿ ನಿಂತರೆ ನೀರೂ ನಿಲ್ಲುತ್ತದೆ. ಅಲಸಂದೆಯ ದುಂಬಿಯನ್ನು ದೀರ್ಘಕಾಲ ಅಧ್ಯಯನ ಮಾಡಿದ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಲ್ಯಾರಿ ಮರ್ಡಾಕ್ ಮತ್ತು ಸಂಗಡಿಗರು 2012ರಲ್ಲಿ ಇದನ್ನೇ ವಿವರಿಸಿದರು: ಗಾಳಿಯಾಡದ ಚೀಲದಲ್ಲಿ ಮುಚ್ಚಿದ ಕಾಳಿನ ಹುಳುಗಳು ಆಮ್ಲಜನಕ ತಗ್ಗಿದೊಡನೆ ಉಣ್ಣುವುದನ್ನು ನಿಲ್ಲಿಸುತ್ತವೆ, ಕಡೆಗೆ ನೀರು ಹುಟ್ಟದೆ ಒಣಗಿ ಸಾಯುತ್ತವೆ. ಆಫ್ರಿಕಾದ ರೈತರಿಗಾಗಿ ಪರ್ಡ್ಯೂ ರೂಪಿಸಿದ ಮೂರು ಪದರದ ಚೀಲದ ಯುಕ್ತಿ ಇದು. ಅದರಲ್ಲಿ ಮದ್ದಿಲ್ಲ, ಹುಳು ತಾನೇ ಚೀಲದೊಳಗಿನ ಆಮ್ಲಜನಕವನ್ನು ಮುಗಿಸುತ್ತದೆ. ಗೋಣಿಚೀಲದ ಹೆಣಿಗೆಯಲ್ಲಿ ಗಾಳಿ ಸರಾಗವಾಗಿ ಆಡುವುದರಿಂದ ಅಲ್ಲಿ ಹುಳುವಿನ ನೀರು ಬತ್ತುವುದಿಲ್ಲ.

ನೆರೆಯ ಕಂಪನವನ್ನು ಅರಿತು. ತಾಯಿ ಎಷ್ಟೇ ಎಚ್ಚರದಿಂದ ಮೊಟ್ಟೆಗಳನ್ನು ಹಂಚಿದರೂ, ದುಂಬಿಗಳು ಹೆಚ್ಚಿ ಬರಿಯ ಕಾಳುಗಳು ಕಡಿಮೆಯಾದಾಗ ಒಂದೇ ಕಾಳಿನ ಮೇಲೆ ಎರಡು ಮೂರು ಚುಕ್ಕೆಗಳು ಬೀಳುತ್ತವೆ. ಆಗ ಒಂದೇ ಕಾಳಿನೊಳಗೆ ಬೇರೆ ಬೇರೆ ಬಾಗಿಲಿನಿಂದ ಹೊಕ್ಕ ಹುಳುಗಳು ನೆರೆಯವಾಗುತ್ತವೆ. ಕತ್ತಲಲ್ಲಿ ಒಂದನ್ನೊಂದು ಕಾಣಲು ಬಾರದು. ಆದರೆ ಒಂದು ಹುಳು ಬೇಳೆಯನ್ನು ಕೆರೆಯುವಾಗ ಉಂಟಾಗುವ ಕಂಪನ ಗಟ್ಟಿ ಬೇಳೆಯ ಮೂಲಕ ಇನ್ನೊಂದಕ್ಕೆ ಮುಟ್ಟುತ್ತದೆ. ರಾಜರ್ ಮಿಚೆಲ್ ಮತ್ತು ಸಹಲೇಖಕರು 1987ರಲ್ಲಿ ಪ್ರಕಟಿಸಿದ ಅಧ್ಯಯನ, ಒಂದೇ ಕಾಳನ್ನು ಹಂಚಿಕೊಂಡ ಹುಳುಗಳ ಪೈಪೋಟಿಯನ್ನು ನಿಯಂತ್ರಿಸುವುದು ಈ ಕಂಪನವೇ ಎಂದು ತೋರಿಸಿತು. ಎಲ್ಲ ಕಡೆಯ ದುಂಬಿಗಳ ನಡೆ ಒಂದೇ ಅಲ್ಲ. ಕೆಲವು ವಂಶಗಳಲ್ಲಿ ಒಂದು ಹುಳು ಉಳಿದು ಮಿಕ್ಕವು ಕೊರೆಯುವುದನ್ನು ಬಿಟ್ಟು ಅಳಿಯುತ್ತವೆ. ಇನ್ನು ಕೆಲವು ವಂಶಗಳಲ್ಲಿ ದೂರ ದೂರ ಉಳಿದು ಕಾಳನ್ನು ಹಂಚಿಕೊಂಡು ಎಲ್ಲವೂ ಸಣ್ಣ ಮೈಯಿಂದ ಹೊರಬರುತ್ತವೆ. ಆದ್ದರಿಂದ ಚುಕ್ಕೆಗಳ ಎಣಿಕೆಯೂ ದುಂಬಿಗಳ ಎಣಿಕೆಯೂ ಸಮವಾಗಬೇಕೆಂದಿಲ್ಲ. ‘ಅರಿತು’ ಎಂದದ್ದರಿಂದ, ಕಣ್ಣು ಕಾಲುಗಳ ನೆರವಿಲ್ಲದ ಈ ಮೈಯಲ್ಲಿಯೂ ಅರಿವೆಂಬುದು ಇದೆಯೆಂದು ಸೂಚಿತವಾಗಿದೆ.

ಹೊರಡುವ ದುಂಬಿಗೆ ಕಿಟಕಿ ಕೊರೆದು. ಇಡೀ ವಾಕ್ಯದ ಹೃದಯ ಈ ಪದಗಳಲ್ಲಿದೆ. ದುಂಬಿಯಾದ ಮೇಲೆ ಗಡಸು ಬೇಳೆಯನ್ನು ಕೊರೆದು ದಾರಿ ಮಾಡುವ ಸಾಮರ್ಥ್ಯ ಅಷ್ಟಾಗಿ ಉಳಿದಿರುವುದಿಲ್ಲ. ಕೊರೆಯುವ ಬಾಯಿ ಹುಳುವಿನದು. ಆದಕಾರಣ ಹುಳುವು ಕಡೆಯ ಹಂತದಲ್ಲಿ ಬೇಳೆಯ ನಡುವಿನಿಂದ ಹೊರಮೈಯ ಕಡೆಗೆ ಸುರಂಗ ತೋಡಿ, ಸಿಪ್ಪೆಯ ಒಳಮೈಯನ್ನು ಮುಟ್ಟುತ್ತದೆ. ಮುಟ್ಟಿ, ಸಿಪ್ಪೆಯನ್ನು ಒಡೆಯದೆ ನಿಲ್ಲುತ್ತದೆ. ಹೊರಗಿನಿಂದ ನೋಡಿದರೆ ಆ ಜಾಗದಲ್ಲಿ ಸಿಪ್ಪೆ ತೆಳುವಾಗಿ ದುಂಡಗೆ ಮಸುಕಾದ ಗುರುತು ಕಾಣುತ್ತದೆ. ಇದನ್ನೇ ಕಿಟಕಿ ಎಂದಿದೆ. ಒಡೆದಿದ್ದರೆ ಒಳಗಿನ ತೇವ ಹೋಗುತ್ತಿತ್ತು, ಶತ್ರು ಕೀಟ ನುಗ್ಗುತ್ತಿತ್ತು. ಕೊರೆಯದೆ ಬಿಟ್ಟಿದ್ದರೆ ದುಂಬಿ ಒಳಗೇ ಸಾಯುತ್ತಿತ್ತು. ಎರಡರ ನಡುವಣ ಅಳತೆಯಲ್ಲಿ ಹುಳು ನಿಲ್ಲುತ್ತದೆ. ಕಿಟಕಿಯನ್ನು ಬಳಸುವ ದುಂಬಿ ಆಗ ಇನ್ನೂ ಇಲ್ಲ; ಇಲ್ಲದವನ ಅನುಕೂಲಕ್ಕೆ ಇರುವವನು ಮಾಡುವ ಕೆಲಸವಿದು. ಕಾಳು ಹಾಳಾಯಿತೆಂದು ಮರುಗುವವರೂ ಈ ಕೆಲಸದ ನಿಖರತೆಯನ್ನು ಗೌರವದಿಂದ ಕಾಣಬೇಕಾಗುತ್ತದೆ.

ಮಲಗುವುದು. ಮಲಗುವುದೆಂದರೆ ಕೋಶಾವಸ್ಥೆಗೆ ಹೋಗುವುದು. ಕೋಶ ಎಂದರೆ ಹುಳುವಿನ ಮೈ ಕರಗಿ ದುಂಬಿಯ ಮೈ ಕಟ್ಟಿಕೊಳ್ಳುವ ಅವಸ್ಥೆ. ಕಿಟಕಿಯ ಹಿಂದಣ ಕೋಣೆಯಲ್ಲಿಯೇ ಇದು ನಡೆಯುತ್ತದೆ. ಮೊಟ್ಟೆಯಿಂದ ದುಂಬಿಯವರೆಗೆ 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಸೆಕೆಯಲ್ಲಿ ಮೂರು ನಾಲ್ಕು ವಾರ ಸಾಕು. ಚಳಿಗಾಲದಲ್ಲಿ ಕಾಲ ಬೆಳೆಯುತ್ತದೆ. ಕಡೆಗೆ ದುಂಬಿ ಕಿಟಕಿಯ ಅಂಚನ್ನು ಸುತ್ತ ಕಡಿದು, ತಲೆಯಿಂದ ಮುಚ್ಚಳವನ್ನು ನೂಕಿ ಹೊರಬರುತ್ತದೆ. ಉಳಿಯುವುದು ದುಂಡಾದ, ಅಂಚು ಸ್ವಚ್ಛವಾದ ತೂತು. ಕಾಳು ಕೈಗೆತ್ತಿ ನೋಡುವವರು ಹುಳು ಹೊಕ್ಕ ದಾರಿ ಎಂದು ಸಾಮಾನ್ಯವಾಗಿ ಭಾವಿಸುವುದು ಇದನ್ನೇ. ಅದು ಹೊಕ್ಕ ದಾರಿಯಲ್ಲ, ಹೊರಟ ದಾರಿ. ಹೊಕ್ಕ ದಾರಿ ಬಿಳಿಚುಕ್ಕೆಯ ಕೆಳಗೆ ಕಣ್ಣಿಗೆ ಕಾಣದಷ್ಟು ಸಣ್ಣದಾಗಿದೆ.

ಹುಳು. ಕರ್ತೃಪದವು ಕಡೆಯಲ್ಲಿ ಬಂದಿದೆ. ವಿದ್ವಾಂಸರ ಗ್ರಂಥಗಳಲ್ಲಿ ಇದರ ಕುಲದ ಹೆಸರು ಕ್ಯಾಲೊಸೊಬ್ರೂಕಸ್. ಆ ಕುಲದ ಚೈನೆನ್ಸಿಸ್ ಎಂಬ ಜಾತಿಯನ್ನು ಲಿನೇಯಸ್ 1758ರಲ್ಲಿ, ಮ್ಯಾಕ್ಯುಲೇಟಸ್ ಎಂಬುದನ್ನು ಫ್ಯಾಬ್ರಿಸಿಯಸ್ 1775ರಲ್ಲಿ ವರ್ಣಿಸಿದರು. ಅಕ್ಕಿ ಜೋಳಗಳ ಸೊಂಡಿಲು ಹುಳುವಿನ ಜೊತೆ ಇದನ್ನು ಸೇರಿಸಬಾರದು. ಇದಕ್ಕೆ ಸೊಂಡಿಲಿಲ್ಲ; ಇದು ಎಲೆ ತಿನ್ನುವ ದುಂಬಿಗಳ ಕುಟುಂಬಕ್ಕೆ ಸೇರಿದ್ದು.

ತಾತ್ಪರ್ಯ. ವಾಕ್ಯದ ಒಂದೊಂದು ಪದವೂ ಒಂದೊಂದು ಉಪಾಯಕ್ಕೆ ಹೊಂದುತ್ತದೆ. ‘ಕಾಳು’ ಎಂಬುದಕ್ಕೆ ಉಪಾಯ ಬೇಳೆ ಒಡೆಯುವುದು. ‘ಚುಕ್ಕೆ’ಗೆ ಎಣ್ಣೆ. ‘ನೀರು’ ಎಂಬುದಕ್ಕೆ ಗಾಳಿಯಾಡದ ಚೀಲ. ಎಲ್ಲ ಅವಸ್ಥೆಗಳಿಗೂ ಸಲ್ಲುವುದು ಬಿಸಿ: ಕಾಳನ್ನು ತೆಳುವಾಗಿ ಹರಡಿ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಮುಚ್ಚಿ ಬಿಸಿಲಿಗಿಟ್ಟು, 57 ಡಿಗ್ರಿ ಸೆಲ್ಸಿಯಸ್ ಕಾವನ್ನು ಒಂದು ಗಂಟೆ ಕಾಯ್ದರೆ ಮೊಟ್ಟೆ, ಹುಳು, ಕೋಶ, ದುಂಬಿ ನಾಲ್ಕೂ ಅಳಿಯುತ್ತವೆ, ಆದರೆ ಬಿತ್ತುವ ಬೀಜಕ್ಕೆ ಅತಿ ಕಾವು ಮೊಳಕೆಯನ್ನು ಕೆಡಿಸದಂತೆ ನೋಡಿಕೊಳ್ಳಬೇಕು. ಉಪಾಯಗಳಿಗೆಲ್ಲ ಮೂಲ ಕಾಳನ್ನು ಓದುವ ಕ್ರಮ. ಚುಕ್ಕೆ ಬಿಳಿಯಾದಂದಿನಿಂದ ತೂತು ತೆರೆಯುವವರೆಗೆ ಸುಮಾರು ಮೂರು ವಾರ ಕಾಳು ಹೊರಗೆ ಇಡಿಯಾಗಿಯೇ ಕಾಣುತ್ತದೆ; ತೂಕಕ್ಕೆ ನಿಲ್ಲುತ್ತದೆ, ಹರಾಜಿನಲ್ಲಿ ಬೆಲೆ ಪಡೆಯುತ್ತದೆ. ಈ ಮೂರು ವಾರಗಳಲ್ಲಿಯೇ ಹುಳುವಿನ ಆಯುಷ್ಯವೆಲ್ಲ ಕಳೆಯುತ್ತದೆ. ಆದ್ದರಿಂದ ಗಂಜಿಗೆ ಕಾಳು ತರುವವರೂ ಕೊಳ್ಳುವವರೂ ತೂತನ್ನು ಹುಡುಕುವ ಮೊದಲು ಚುಕ್ಕೆಯನ್ನು ಹುಡುಕತಕ್ಕದ್ದು. ಚುಕ್ಕೆಯನ್ನು ಕಂಡವರಿಗೆ ಕೈಯಲ್ಲಿರುವ ಕಾಳನ್ನು ಉಳಿಸಿಕೊಳ್ಳುವ ಅವಕಾಶವಿದೆ. ತೂತನ್ನು ಕಂಡ ಮೇಲೆ ಮಾಡುವ ಆರೈಕೆ, ಆ ದುಂಬಿ ಇನ್ನೂ ಮುಟ್ಟದ ಕಾಳಿಗೆ ಮಾತ್ರ ಸಲ್ಲುತ್ತದೆ.